ಐರ್ಲೆಂಡಿನ ದನದ ಗಿಣ್ಣು

ಬಹರೇನಿನ ಸೆಗಯಾದಲ್ಲಿರುವ ನಮ್ಮ ಕಟ್ಟಡದ ಮೂರನೇ ಮಹಡಿಯ ಡೆನ್ನಿಸ್ ಅವರಿಗೆ ಐರ್ಲೆಂಡಿನಲ್ಲಿ ಒಂದು ದನವಿದೆ. ನಾನು ಹೇಳುವುದಲ್ಲ, ಅವರೇ ಹೇಳುವುದು. ಕಳೆದ ಅಕ್ಟೋಬರಿನಿಂದ ಈಚೆಗೆ ನಮ್ಮ ಲಿಫ್ಟು ಹತ್ತಿದವರಲ್ಲಿ ಈ ವಿಷಯ ಕೇಳಿಸಿಕೊಳ್ಳದೆ ಇಳಿದವರಿಲ್ಲ. ನಾನು ಎದುರು ಫ್ಲ್ಯಾಟಿನ ಐತಾಳ, ಕುಂದಾಪುರದವನು. ಮೆಟ್ಟಿಲು ಹಿಡಿದು ತಪ್ಪಿಸಿಕೊಳ್ಳಬಹುದಿತ್ತು, ಮೊಣಕಾಲು ಒಪ್ಪಲಿಲ್ಲ. ಹಾಗಾಗಿ ಆ ದನದ ಚರಿತ್ರೆ ನನಗೆ ಬೇಡವೆಂದರೂ ಬಾಯಿಪಾಠವಾಗಿದೆ.

ಡೆನ್ನಿಸ್ ದನ ಸಾಕಿದ ಮನೆತನದವರೇನಲ್ಲ. ಹುಟ್ಟಿ ಬೆಳೆದದ್ದು ಮಂಗಳೂರು ಪೇಟೆಯಲ್ಲಿ, ಹಾಲು ಪ್ಯಾಕೆಟಿನಿಂದ ಬರುವ ಕಾಲದಲ್ಲಿ. ಇಲ್ಲಿ ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯ ಬದಿಯಲ್ಲಿ ಒಬ್ಬ ಗುತ್ತಿಗೆದಾರನ ಹತ್ತಿರ ಟೈಂಕೀಪರ್. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ಬರೆದುಕೊಳ್ಳುವುದು ಅವರ ಕೆಲಸ. ದನವನ್ನು ಅವರು ಮುಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ, ಮದುವೆಯಾದ ಹೊಸತರಲ್ಲಿ, ಬಜ್ಪೆಯ ಮಾವನ ಮನೆಯ ಕೊಟ್ಟಿಗೆಯಲ್ಲಿ. ಮೊದಲು ಮುಟ್ಟಿದ್ದು ದನವೇ, ಅದೂ ಕಾಲಿನಿಂದ ಎಂದು ಅವರ ಹೆಂಡತಿ ಮೇಬಲ್ ತಿದ್ದುತ್ತಾರೆ.

ದನ ಬಂದದ್ದು ಹೀಗೆ. ಹೂರಾದ ಒಂದು ಸೂಪರ್‌ಮಾರ್ಕೆಟಿನಲ್ಲಿ ಐರ್ಲೆಂಡಿನ ಬೆಣ್ಣೆ, ಚೀಸುಗಳ ಪ್ರಚಾರದ ವಾರ ನಡೆದಿತ್ತು. ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿ, ಹಸಿರು ಟೋಪಿಯ ಹುಡುಗಿಯೊಬ್ಬಳು ಕಡ್ಡಿಗೆ ಚುಚ್ಚಿದ ಚೀಸು ಹಂಚುತ್ತಿದ್ದಳು. ಡೆನ್ನಿಸ್ ನಾಲ್ಕು ಸಲ ಹೋದರು. ಐದನೇ ಸಲ ಹುಡುಗಿ ಅವರ ಹೆಸರು ಕೇಳಿದಳು. ಮರ್ಯಾದೆಯ ಪ್ರಶ್ನೆ ಬಂತು. ನಾಲ್ಕು ಬೆಣ್ಣೆ ಕೊಂಡರು. ನಾಲ್ಕು ಬೆಣ್ಣೆ ಕೊಂಡವರಿಗೆ ಐರ್ಲೆಂಡಿನ ಒಂದು ಫಾರ್ಮಿನ ಒಂದು ದನವನ್ನು ಗೊತ್ತುಮಾಡಿ ಕೊಡುವುದು, ಆ ದನ ಏನು ತಿನ್ನುತ್ತದೆ, ಹೇಗಿದೆ ಎಂದು ವಾರಕ್ಕೊಂದು ಕಾಗದ ಬರೆಯುವುದು ಅವರ ಯೋಜನೆ. ಡೆನ್ನಿಸಿಗೆ ಒಂದು ಸರ್ಟಿಫಿಕೇಟು ಸಿಕ್ಕಿತು. ಅದರಲ್ಲಿ ಕಪ್ಪು ಬಿಳುಪಿನ ಒಂದು ದನ, ಕಿವಿಯಲ್ಲಿ 417 ಎಂಬ ಬಿಲ್ಲೆ, ಕೆಳಗೆ ಬ್ರಿಜಿತ್ ಎಂಬ ಹೆಸರು, ಅದಕ್ಕೂ ಕೆಳಗೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಎರಡು ಸಾಲು. ಡೆನ್ನಿಸ್ ಆ ದಿನ ಕನ್ನಡಕ ಮರೆತು ಹೋಗಿದ್ದರು. ಈ ಕಥೆಗೆ ಅದೇ ಮೂಲ.

ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆಯ ಪೀಠದಲ್ಲಿ, ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕ ತೂಗುಹಾಕಿದರು. ಕ್ಲಿನಿಕ್ಕಿನಲ್ಲಿ ನರ್ಸಾಗಿರುವ ಮೇಬಲ್ ಡ್ಯೂಟಿ ಮುಗಿಸಿ ಬಂದು ನೋಡಿ ಬಾಗಿಲಲ್ಲೇ ನಿಂತರು.

“ಪೀಠದ ಹತ್ರ ದನವಾ? ಅದೂ ನನ್ನ ಮಮ್ಮಿಯ ಹೆಸರು ಇಟ್ಟುಕೊಂಡು?”

“ಹೆಸರು ನಾನು ಇಟ್ಟದ್ದಲ್ಲ ಮಾರಾಯ್ತಿ. ಮತ್ತೆ, ಬೆತ್ಲೆಹೇಮಲ್ಲಿ ಬಾಲ ಯೇಸುವಿನ ಹತ್ರ ಇದ್ದದ್ದು ಯಾರು? ದನವೇ ಅಲ್ವಾ?”

ಮೇಬಲ್ ಚಪ್ಪಲಿ ಕಳಚಿ ಒಳಗೆ ಹೋದರು. ದನ ಗೋಡೆಯಲ್ಲಿ ಉಳಿಯಿತು.

ಆಮೇಲೆ ಇಮೇಲಿನಲ್ಲಿ ಕಾಗದಗಳು ಬರತೊಡಗಿದವು. ಬರೆಯುವವರು ಕಾರ್ಕ್ ಎಂಬ ಜಿಲ್ಲೆಯ ಮೊರೀನ್ ಎಂಬ ಹೆಂಗಸು, ಫಾರ್ಮು ಅವರದ್ದೇ. ನಮ್ಮ ದನಗಳು ವರ್ಷದ ಹೆಚ್ಚಿನ ದಿನ ಬಯಲಿನಲ್ಲೇ ಮೇಯುತ್ತವೆ, ಪ್ರತಿ ವಾರ ಹುಲ್ಲಿನ ಎತ್ತರ ಅಳೆದು ಯಾವ ಗದ್ದೆಗೆ ಬಿಡಬೇಕೆಂದು ನೋಡುತ್ತೇವೆ, ಕ್ಲೋವರ್ ಎಂಬ ಮೂರೆಲೆಯ ಗಿಡ ಬಿತ್ತಿದ ಮೇಲೆ ಗೊಬ್ಬರದ ಚೀಲ ಅರ್ಧ ಕಡಿಮೆಯಾಗಿದೆ, ಹಕ್ಕಿಗಳು ಗೂಡು ಕಟ್ಟಲೆಂದು ಬೇಲಿಯನ್ನು ಕತ್ತರಿಸದೆ ಬಿಟ್ಟಿದ್ದೇವೆ ಎಂದೆಲ್ಲ ಬರೆಯುತ್ತಿದ್ದರು. ಇದರಲ್ಲಿ ಡೆನ್ನಿಸ್ ಅವರ ಮನಸ್ಸು ಹಿಡಿದದ್ದು ಹುಲ್ಲಿನ ಅಳತೆ. ಅಳೆದು ಬರೆದುಕೊಳ್ಳುವುದು ಅವರ ಕಸುಬೇ ಅಲ್ಲವೇ!

“ಈ ವಾರ ಹುಲ್ಲು ಒಂಬತ್ತು ಸೆಂಟಿಮೀಟರ್, ಐತಾಳ್ರೇ,” ಎನ್ನುತ್ತಿದ್ದರು ಲಿಫ್ಟಿನಲ್ಲಿ. “ನಾಳೆ ಬ್ರಿಜಿತನ್ನು ಪಕ್ಕದ ಗದ್ದೆಗೆ ಬಿಡ್ತಾರೆ.” ಹೊರಗೆ ನಮ್ಮ ರಸ್ತೆಯಲ್ಲಿ ಹಸಿರು ಎಂದರೆ ಔಷಧಿ ಅಂಗಡಿಯ ಬೋರ್ಡು ಮಾತ್ರ. ಡಿಸೆಂಬರಿನಲ್ಲಿ ದನಗಳನ್ನು ಒಳಗೆ ಕಟ್ಟಿದರು. ಬೇಸಿಗೆಯಲ್ಲಿ ಕೊಯ್ದ ಹುಲ್ಲನ್ನು ಗಾಳಿಯಾಡದಂತೆ ಮುಚ್ಚಿ, ಹುಳಿ ಬರಿಸಿ ಇಟ್ಟದ್ದನ್ನು ಹಾಕುತ್ತಾರಂತೆ. “ದನಕ್ಕೂ ಉಪ್ಪಿನಕಾಯಿ ಹಾಕಿ ಇಡ್ತಾರೆ ಮಾರಾಯ್ರೆ, ಎಂತ ಜನ!” ಎಂದು ಡೆನ್ನಿಸ್ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದರು.

ಈ ಪಾಂಡಿತ್ಯದ ಬಿಸಿ ಹೆಚ್ಚು ತಟ್ಟಿದ್ದು ಹಸನಬ್ಬರಿಗೆ. ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವರದ್ದೊಂದು ಕೋಲ್ಡ್ ಸ್ಟೋರು. ಹಾಲು, ಮೊಸರು, ಮೊಟ್ಟೆ, ಸೋಪು, ರೀಚಾರ್ಜು ಎಲ್ಲ ಸಿಗುವ, ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಉಳ್ಳಾಲದಿಂದ ಬಂದು ಮೂವತ್ತನಾಲ್ಕು ವರ್ಷ ಅದೇ ಕೌಂಟರಿನ ಹಿಂದೆ ನಿಂತವರು ಅವರು. ಡೆನ್ನಿಸ್ ಅವರನ್ನು, ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ, ಪೊರ್ಬುಗಳೇ ಎಂದೇ ಕರೆಯುವವರು.

“ಈ ಹಾಲಿನ ದನ ಎಂತ ತಿಂತದೆ ಹಸನಬ್ಬಾಕ?” ಎಂದು ಡೆನ್ನಿಸ್ ಒಂದು ದಿನ ಕೇಳಿದರು, ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು.

“ನಾನು ಕೇಳ್ಲಿಲ್ಲ ಪೊರ್ಬುಗಳೇ. ನಾನು ಎಂತ ತಿಂತೇನೆ ಅಂತ ಅದೂ ಕೇಳ್ಲಿಲ್ಲ.”

“ಹುಲ್ಲು ತಿಂದ ದನದ ಬೆಣ್ಣೆ ಹಳದಿ ಇರ್ತದೆ. ನನ್ನ ದನದ್ದು ಹಳದಿ.”

“ನಿಮ್ಮ ದನ,” ಎಂದು ಹಸನಬ್ಬ ಬಾಟಲಿಯನ್ನು ಚೀಲಕ್ಕೆ ಹಾಕಿದರು. “ಆಯ್ತು.”

ಫೆಬ್ರವರಿ ಮೊದಲ ವಾರ ಬಂದ ಕಾಗದದಲ್ಲಿ ಬ್ರಿಜಿತ್ ಹೆಣ್ಣು ಕರು ಹಾಕಿದ ಸುದ್ದಿಯಿತ್ತು. ಹುಲ್ಲು ಚಿಗುರುವ ಹೊತ್ತಿಗೆ ಸರಿಯಾಗಿ ಅಲ್ಲಿನ ದನಗಳೆಲ್ಲ ಸಾಲಾಗಿ ಕರು ಹಾಕುತ್ತವಂತೆ. ಡೆನ್ನಿಸ್ ಬೆಳಗಿನ ಐದೂವರೆಗೆ, ಅಸ್ಕರಿನ ಬಸ್ಸು ಹತ್ತುವ ಮೊದಲೇ, ಕಟ್ಟಡದ ವಾಟ್ಸಾಪ್ ಗ್ರೂಪಿಗೆ ಕರುವಿನ ಫೋಟೋ ಹಾಕಿ, ‘ತಾಯಿ ಮಗು ಕ್ಷೇಮ’ ಎಂದು ಬರೆದರು. ಎರಡನೇ ಮಹಡಿಯ ಜೋಸ್ವಿನ್ ಹೂಗುಚ್ಛ ಕಳಿಸಿದಳು. ನಾಲ್ಕನೇ ಮಹಡಿಯ ನಝೀಲಾ ‘ಮಾಶಾ ಅಲ್ಲಾ’ ಎಂದು ಹಾಕಿದರು. ಅಷ್ಟರಲ್ಲಿ ಹಸನಬ್ಬರ ಧ್ವನಿ ಬಂತು. ಅವರು ಟೈಪು ಮಾಡುವವರಲ್ಲ.

“ಪೊರ್ಬುಗಳೇ, ಕರು ಹಾಕಿ ಆಯ್ತಲ್ಲ. ಗಿಣ್ಣು ಯಾವಾಗ?”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಸನಬ್ಬ ಕೇಳಿದ್ದು ತಮಾಷೆಗೆ. ನಕ್ಕು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದನದ ಯಜಮಾನರು ನಗುವುದುಂಟೇ?

“ಬರ್ತದೆ,” ಎಂದು ಬರೆದರು ಡೆನ್ನಿಸ್. “ನೀವು ಊರಿಗೆ ಹೋಗುವ ಮೊದಲು ಬರ್ತದೆ.”

ಹಸನಬ್ಬ ಊರಿಗೆ ಹೊರಟಿದ್ದು ರಜೆಗಲ್ಲ. ವೀಸಾ ಕ್ಯಾನ್ಸಲ್ ಮಾಡಿಸಿ, ಅಂಗಡಿ ಬೇರೆಯವರಿಗೆ ವಹಿಸಿ, ರಂಜಾನ್ ಮುಗಿಯುವ ಮೂರು ದಿನ ಮೊದಲು, ಪೆರ್ನಾಲ್ ಹಬ್ಬಕ್ಕೆ ಹೆಂಡತಿ ರುಖಿಯಾ ಹತ್ತಿರ ಇರುವಂತೆ, ಒಮ್ಮೆಗೇ ಹೊರಡುವವರಿದ್ದರು. ಗ್ರೂಪಿನಲ್ಲಿ ಮಾತು ಕೊಟ್ಟ ದಿನ ಸಂಜೆ ಡೆನ್ನಿಸ್ ಅಂಗಡಿಗೆ ಹೋದಾಗ ನಾನೂ ಮೊಸರಿಗೆಂದು ಅಲ್ಲಿದ್ದೆ.

“ನಗಾಡ್ಲಿಕ್ಕೆ ಕೇಳಿದ್ದು ಪೊರ್ಬುಗಳೇ,” ಎಂದರು ಹಸನಬ್ಬ. “ಆದ್ರೆ ನೀವು ಬರ್ತದೆ ಅಂದದ್ದೇ ಬಾಯಲ್ಲಿ ರುಚಿ ಎದ್ದು ಕೂತಿದೆ. ಮೂವತ್ನಾಲ್ಕು ವರ್ಷ ಆಯ್ತು ತಿನ್ನದೆ. ನಾನು ರಜೆಯಲ್ಲಿ ಹೋದಾಗ ನೆರೆಕರೆಯ ಒಂದು ದನವೂ ಕರು ಹಾಕುದಿಲ್ಲ. ನಾನು ಪ್ಲೇನ್ ಹತ್ತಿದ ಮಾರನೇ ದಿನ ಹಾಕ್ತದೆ. ಈಗ ಕರು ಹಾಕ್ಲಿಕ್ಕೆ ದನವೇ ಇಲ್ಲ. ನಮ್ಮ ಬದಿಯ ಕೊಟ್ಟಿಗೆಗಳೆಲ್ಲ ಕಾರ್ ಶೆಡ್ ಆಗಿದೆ.”

ಅವರು ಹೇಳಿದ್ದು ಇಷ್ಟೇ. ಡೆನ್ನಿಸ್ ಮೀಸೆಯ ಮೇಲೆ ಕೈಯಾಡಿಸಿ, “ಚಿಂತೆ ಬೇಡ,” ಎಂದರು. ಅವರ ಮುಖದಲ್ಲಿ ಚಿಂತೆ ಆಗಲೇ ಶುರುವಾಗಿತ್ತು.

ಉರಿಯುವ ಬೆಂಕಿಗೆ ತುಪ್ಪ ಸುರಿದವರು ಅತ್ತೆ, ಬಜ್ಪೆಯ ಬ್ರಿಜಿತ್‌ಬಾಯಿ. ವೀಡಿಯೋ ಕರೆಯಲ್ಲಿ ಅವರ ಹಣೆಯ ಅರ್ಧ ಮಾತ್ರ ಕಾಣುತ್ತಿತ್ತು, ಧ್ವನಿ ಇಡೀ ಮಹಡಿಗೆ ಕೇಳುತ್ತಿತ್ತು. “ನೋಡು ಡೆನ್ನಿಸ್, ದನ ನಿಂದು ಆದ್ರೂ ಹೆಸರು ನಂದು. ಗಿಣ್ಣು ನೆರೆಕರೆಗೆ ಕೊಡದಿದ್ರೆ ದನದ ಕೆಚ್ಚಲಿಗೆ ದೃಷ್ಟಿ ಬೀಳ್ತದೆ. ಗಿಣ್ಣು ಮಾರ್ಲಿಕ್ಕೆ ಇಲ್ಲ, ಕೊಡ್ಲಿಕ್ಕೆ ಮಾತ್ರ. ನಿಮ್ಮ ಪಾತ್ರೆಯಲ್ಲೇ ಕೊಡ್ಬೇಕು. ತಕ್ಕೊಂಡವರು ಪಾತ್ರೆ ಖಾಲಿ ವಾಪಸ್ ಕೊಡ್ಲಿಕ್ಕಿಲ್ಲ, ದನಕ್ಕೆ ಅಂತ ಒಂದು ಹಿಡಿ ಹುಲ್ಲು ಹಾಕಿ ಕೊಡ್ಬೇಕು. ಆಗ ದನ ನಿಂದು ಅಂತ ನಾಲ್ಕು ಜನ ಒಪ್ಪಿದ ಹಾಗೆ.”

ಈ ಶಾಸ್ತ್ರ ತಿಳಿಯದ ನಮ್ಮ ನೆರೆಯವರು ಮರುದಿನವೇ ಡೆನ್ನಿಸ್ ಬಾಗಿಲಿಗೆ ಪಾತ್ರೆ ತಂದಿಟ್ಟರು. ಜೋಸ್ವಿನಳದ್ದು ಐಸ್‌ಕ್ರೀಮಿನ ಡಬ್ಬಿ. ನಝೀಲಾ ಅವರದ್ದು ಮುಚ್ಚಳದ ಸ್ಟೀಲು. ಮೊದಲ ಮಹಡಿಯ ಬ್ಯಾಚುಲರುಗಳು ಆರು ಜನಕ್ಕೆ ಸೇರಿ ಒಂದು ಬಿರಿಯಾನಿ ಪಾತ್ರೆಯನ್ನೇ ಇಟ್ಟಿದ್ದರು. ಹಸನಬ್ಬರದ್ದು ಮಾತ್ರ ಇರಲಿಲ್ಲ. ಅವರಿಗೆ ಶಾಸ್ತ್ರ ಗೊತ್ತಿತ್ತು.

ಡೆನ್ನಿಸ್ ಮೊರೀನಿಗೆ ಕಾಗದ ಬರೆದರು. ಉತ್ತರ ಮೂರನೇ ದಿನ ಬಂತು. ‘ನಿಮ್ಮ ಪದ್ಧತಿ ಕೇಳಿ ಮನೆಯವರೆಲ್ಲ ಸಂತೋಷಪಟ್ಟೆವು. ನನ್ನ ಅಜ್ಜಿಯೂ ಮೊದಲ ಹಾಲನ್ನು ನೆರೆಯವರಿಗೆ ಕೊಡುತ್ತಿದ್ದಳು. ಈಗ ನಮ್ಮಲ್ಲಿ ಕರು ಹುಟ್ಟಿದ ಎರಡು ಗಂಟೆಯೊಳಗೆ ಮೂರು ಲೀಟರ್ ಕೊಲೊಸ್ಟ್ರಮ್ ಅದಕ್ಕೇ ಕುಡಿಸುತ್ತೇವೆ. ಹಸಿ ಹಾಲನ್ನು ಅಂಚೆಯಲ್ಲಿ ಕಳಿಸಲು ಕಾನೂನು ಬಿಡುವುದಿಲ್ಲ. ಬ್ರಿಜಿತ್ ಈಗ ಹೊರಗೆ ಮೇಯುತ್ತಿದ್ದಾಳೆ, ನಿಮಗೆ ನಮಸ್ಕಾರ ಹೇಳಿದ್ದಾಳೆ.’

ನಾನಾಗಿದ್ದರೆ ಕಾಗದ ಬದಿಗಿಟ್ಟು ಪಾತ್ರೆಗಳನ್ನು ವಾಪಸು ಕೊಡುತ್ತಿದ್ದೆ. ಡೆನ್ನಿಸ್ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು.

“ನೋಡಿ ಐತಾಳ್ರೇ, ಆಗುದಿಲ್ಲ ಅಂತ ಎಲ್ಲಿ ಬರ್ದಿದ್ದಾರೆ? ಅಂಚೆಯಲ್ಲಿ ಆಗುದಿಲ್ಲ ಅಂತ ಮಾತ್ರ. ವಿಮಾನದಲ್ಲಿ ಆಗ್ಬಹುದಲ್ಲ?”

“ಎಂತ ಮಾರಾಯ್ರೆ, ಅಂಚೆಯೂ ವಿಮಾನದಲ್ಲೇ ಹೋಗುದು.”

“ಅದು ಬೇರೆ, ಇದು ಬೇರೆ. ನಿಮ್ಮ ಕಾರು ನಾಳೆ ಖಾಲಿ ಉಂಟಾ?”

ಹೀಗೆ ನಾನೂ ಹೊರದೇಶದಿಂದ ಹಾಲು, ಮಾಂಸ ತರಿಸುವವರ ಕಾಗದ ನೋಡುವ ಸರಕಾರಿ ಕೌಂಟರಿನ ಮುಂದೆ ನಿಲ್ಲಬೇಕಾಯಿತು. ಆ ಹೊತ್ತಿಗೆ ರಂಜಾನ್ ಶುರುವಾಗಿತ್ತು. ಈ ವರ್ಷ ಕ್ರೈಸ್ತರ ತಪಸ್ಸಿನ ಕಾಲವೂ ಅದೇ ದಿನ ಶುರುವಾದದ್ದರಿಂದ ಕೌಂಟರಿನ ಆಚೆ ಉಪವಾಸವಿದ್ದ ಒಬ್ಬ ಬಹರೇನಿ ಅಧಿಕಾರಿ, ಈಚೆ ನಲವತ್ತು ದಿನ ಸಿಹಿ ಮುಟ್ಟುವುದಿಲ್ಲವೆಂದು ಇಗರ್ಜಿಯಲ್ಲಿ ವ್ರತ ಹಿಡಿದ ಡೆನ್ನಿಸ್, ನಡುವೆ ಬೆಳಗ್ಗೆ ಎಂಟು ಇಡ್ಲಿ ತಿಂದು ಬಂದ ನಾನು. ಅಧಿಕಾರಿ ಬಿಳಿ ಗಡ್ಡದ, ಸಮಾಧಾನದ ಮನುಷ್ಯ. ಡೆನ್ನಿಸ್ ಹಿಂದಿ, ಇಂಗ್ಲಿಷ್, ಅರಬ್ಬಿ ಮೂರನ್ನೂ ಕಲಸಿ ವಿಷಯ ಮಂಡಿಸಿದರು.

“ಎಷ್ಟು ಹಾಲು? ಒಂದು ಕಂಟೇನರಾ?”

“ಒಂದು ಲೋಟ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ದನ ಯಾರದ್ದು?”

“ನನ್ನದು.”

“ವರಕಾ?” ಎಂದು ಅವರು ಕೈ ಚಾಚಿದರು. ಇಲ್ಲಿ ಬದುಕುವವರಿಗೆಲ್ಲ ಗೊತ್ತಿರುವ ಶಬ್ದ, ಕಾಗದ ಎಂದರ್ಥ. ಡೆನ್ನಿಸ್ ಚೀಲದಿಂದ ಕಟ್ಟು ಹಾಕಿದ ಸರ್ಟಿಫಿಕೇಟು ತೆಗೆದು ಕೌಂಟರಿನ ಮೇಲೆ ಇಟ್ಟರು. ಅಧಿಕಾರಿ ದನವನ್ನು ನೋಡಿದರು, 417ನ್ನು ನೋಡಿದರು, ಆಮೇಲೆ ಇರುವೆಕಾಲಿನ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿ ಹೇಳಿದರು. ಇದು ಸಾಂಕೇತಿಕ ಸಂಬಂಧ ಮಾತ್ರ, ದನದ ಮೇಲಾಗಲಿ ಹಾಲಿನ ಮೇಲಾಗಲಿ ಇದರಿಂದ ಯಾವ ಹಕ್ಕೂ ಬರುವುದಿಲ್ಲ ಎಂದು ಅಲ್ಲಿ ಬರೆದಿತ್ತು.

“ದನ ನಿನ್ನದಲ್ಲ, ಸದೀಕ್,” ಎಂದರು ಅವರು, ಗೆಳೆಯನೇ ಎಂದು ಕರೆದು, ಸಾವಿನ ಸುದ್ದಿ ಹೇಳುವ ಮೆಲುದನಿಯಲ್ಲಿ. “ಮಾಫಿ ವರಕಾ, ಮಾಫಿ ಹಲೀಬ್.” ಕಾಗದವಿಲ್ಲ, ಹಾಲೂ ಇಲ್ಲ.

ಡೆನ್ನಿಸ್ ಸ್ವಲ್ಪ ಹೊತ್ತು ಪಟದ ಗಾಜನ್ನು ಕರವಸ್ತ್ರದಿಂದ ಒರೆಸಿದರು. ನನಗೆ ನಿಜವಾಗಿ ಪಾಪ ಅನಿಸಿತು. ಆಮೇಲೆ ಅವರು ತಲೆ ಎತ್ತಿ, ಮೂವತ್ತನಾಲ್ಕು ವರ್ಷದ ಹಸನಬ್ಬರ ಕಥೆ ಹೇಳಿ, “ದನ ನನ್ನದಲ್ಲದಿದ್ದರೆ ಬೇಡ. ಮಾತು ನನ್ನದು ಅಲ್ವಾ? ಅದಕ್ಕೆ ಸರ್ಟಿಫಿಕೇಟು ಬೇಕಾ?” ಎಂದರು.

ಅಧಿಕಾರಿ ಕುರ್ಚಿ ಮುಂದೆಳೆದುಕೊಂಡರು. ಅವರ ಅಜ್ಜಿ ಆ ಮೊದಲ ಹಾಲಿಗೆ ಲಿಬಾ ಎನ್ನುತ್ತಿದ್ದಳಂತೆ. ಏಲಕ್ಕಿ ಹಾಕಿ, ಕೇಸರಿ ಹಾಕಿ, ಮಣ್ಣಿನ ಬಟ್ಟಲಲ್ಲಿ ಇಡುತ್ತಿದ್ದಳಂತೆ. ಮಧ್ಯಾಹ್ನ ಹನ್ನೆರಡೂವರೆ, ಉಪವಾಸದ ಮನುಷ್ಯ, ಬಟ್ಟಲಿನ ಅಂಚಿನಲ್ಲಿ ಹೇಗೆ ಕೆನೆಗಟ್ಟುತ್ತಿತ್ತು ಎಂಬುದನ್ನು ಹತ್ತು ನಿಮಿಷ ವರ್ಣಿಸಿದರು. ಹಿಂದಿನ ಸಾಲು ಉದ್ದವಾಯಿತು. ದನ ಸಾಕಿದ ತಮ್ಮ ದಾಯಾದಿಯೊಬ್ಬನಿಗೆ ಫೋನು ಮಾಡಿದರು; ಅವನ ದನ ಕರು ಹಾಕಿ ತಿಂಗಳಾಗಿತ್ತು. ಗಿಣ್ಣು ಮೂರು ದಿನದ ಭಾಗ್ಯ, ನಾಲ್ಕನೇ ದಿನ ಅದು ಬರೀ ಹಾಲು. ಕೊನೆಗೆ ಒಂದು ಚೀಟಿಯಲ್ಲಿ ತಮ್ಮ ನಂಬರು ಬರೆದುಕೊಟ್ಟರು.

“ಎಲ್ಲಿಯಾದರೂ ಸಿಕ್ಕಿದರೆ ನನಗೂ ಒಂದು ಬಟ್ಟಲು. ಇನ್ಶಾ ಅಲ್ಲಾ.”

ಹೋದದ್ದು ಅನುಮತಿ ತರಲು, ತಂದದ್ದು ಇನ್ನೊಂದು ಬಟ್ಟಲಿನ ಬೇಡಿಕೆ.

ದಾರಿ ತೋರಿಸಿದವರು ಮೇಬಲ್. ಮೊರೀನಿನ ಕಾಗದ ಓದಿದ ಅವರಿಗೆ ಕೊಲೊಸ್ಟ್ರಮ್ ಎಂಬ ಶಬ್ದ ಹಿಡಿಯಿತು. “ಇದು ನಮ್ಮ ಕ್ಲಿನಿಕ್ಕಿಗೆ ಬರುವ ಜಿಮ್ಮಿನ ಹುಡುಗರು ತಿನ್ನುವ ಪೌಡರ್ ಅಲ್ವಾ?” ಎಂದರು. ಡೆನ್ನಿಸ್ ಆ ಸಂಜೆಯೇ ನನ್ನನ್ನು ಹೂರಾಕ್ಕೆ ಎಳೆದುಕೊಂಡು ಹೋದರು. ನೌಫಲ್ ಎಂಬ, ತೋಳು ನನ್ನ ತೊಡೆಯಷ್ಟಿದ್ದ ಯುವಕ ನಡೆಸುವ ಅಂಗಡಿ. ಗೋಡೆ ತುಂಬ ಬಕೇಟಿನಷ್ಟು ದೊಡ್ಡ ಡಬ್ಬಿಗಳು.

“ಉಂಟು ಅಂಕಲ್. ಗ್ರಾಸ್‌ಫೆಡ್. ಐರಿಷ್. ಮಸಲ್ಸಿಗೆ ಬೆಸ್ಟ್,” ಎಂದ ನೌಫಲ್, ಡೆನ್ನಿಸ್ ಅವರನ್ನು ಮೇಲಿಂದ ಕೆಳಗೆ ನೋಡಿ. “ನಿಮಗಾ? ಶುರುವಿಗೆ ದಿನಕ್ಕೆ ಅರ್ಧ ಚಮಚ ಸಾಕು.”

ಡೆನ್ನಿಸ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದರು. ಮೇಲೆ ಹಸಿರು ಗುಡ್ಡ, ಗುಡ್ಡದ ಮೇಲೆ ಕಪ್ಪು ಬಿಳುಪಿನ ದನ. “ಗಿಣ್ಣು ಮಾರ್ತಾರಾ!” ಎಂದರು, ನಂಬಲಾಗದೆ. “ನನ್ನ ಅತ್ತೆಗೆ ಗೊತ್ತಾದ್ರೆ! ಅಲ್ಲ ಮಾರಾಯ, ಏಳು ಮನೆಗೆ ಎಷ್ಟು ಬೇಕು? ಒಂದು ಬಿರಿಯಾನಿ ಪಾತ್ರೆ ಸೇರಿ?”

“ಏಳು ಮನೆಯವರೂ ಬಾಡಿ ಬಿಲ್ಡಿಂಗಾ ಅಂಕಲ್?” ನೌಫಲ್ ಕಣ್ಣು ಅಗಲವಾಯಿತು.

ಎರಡು ಡಬ್ಬಿ ಬಂತು. ಅಡುಗೆಮನೆಯಲ್ಲಿ ಮೇಬಲ್, ಫೋನಿನಲ್ಲಿ ಬ್ರಿಜಿತ್‌ಬಾಯಿಯ ಅರ್ಧ ಹಣೆ, ಬಾಗಿಲಲ್ಲಿ ನಾನು. ಪೌಡರನ್ನು ಹಾಲಿಗೆ ಕಲಸಿ, ಬೆಲ್ಲ, ಏಲಕ್ಕಿ ಹಾಕಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟರು. ಅರ್ಧ ಗಂಟೆ ಕಳೆದು ತೆಗೆದರೆ ಹಾಲು ಹಾಲಾಗಿಯೇ ಇತ್ತು. ಇನ್ನೆರಡು ಚಮಚ ಹೆಚ್ಚು ಹಾಕಿದರು, ಒಡೆಯಿತು. ಮೂರನೇ ಸಲ ಗಟ್ಟಿಯಾಯಿತು, ಆದರೆ ಅದು ಗೋಡೆಗೆ ಬಳಿಯುವ ಪುಟ್ಟಿಯಷ್ಟು ಗಟ್ಟಿ. ಸಿಹಿ ಬಿಟ್ಟ ಗಂಡ ಹೆಂಡತಿ ಇಬ್ಬರೂ ರುಚಿ ನೋಡುವಂತಿರಲಿಲ್ಲ. ಆ ಭಾರ ನನ್ನ ಮೇಲೆ ಬಿತ್ತು. ಎರಡು ದಿನದಲ್ಲಿ ನಾನು ತಿಂದ ಪೌಡರಿಗೆ ನನ್ನ ಮೊಣಕಾಲು ಬಿಟ್ಟು ಉಳಿದೆಲ್ಲ ಅಂಗವೂ ಬಲವಾಗಿರಬೇಕು.

“ಅದು ಮಷೀನಲ್ಲಿ ಒಣಗಿಸಿ ಸತ್ತ ಗಿಣ್ಣು,” ಎಂದಿತು ಅರ್ಧ ಹಣೆ. “ಅದಕ್ಕೆ ಹೆಪ್ಪುಗಟ್ಟುವ ಜೀವ ಇಲ್ಲ. ಸ್ವಲ್ಪ ಚೈನಾ ಗ್ರಾಸ್ ಹಾಕು ಮೇಬಲ್. ಊರಲ್ಲಿ ಹೋಟೆಲಿನವರು ಹಾಗೇ ಮಾಡುದು.”

ಡೆನ್ನಿಸ್ ಬೆಚ್ಚಿದರು. “ಮೋಸ ಅಲ್ವಾ ಮಾಂಯ್?”

“ಮೋಸ ಎಂತದು? ನೀನು ಹೇಳಿದ್ದು ಹುಲ್ಲಿನ ಗಿಣ್ಣು ಅಂತ. ಅದೂ ಹುಲ್ಲೇ.”

ಮರುದಿನವೇ ಹಸನಬ್ಬರ ಕೊನೆಯ ದಿನ. ಯೋಚಿಸಲು ಸಮಯವಿರಲಿಲ್ಲ. ಡೆನ್ನಿಸ್ ಮುಖ ಗಂಟಿಕ್ಕಿಕೊಂಡು ಲಿಫ್ಟಿನಲ್ಲಿ ಕೆಳಗಿಳಿದು, ಎರಡು ಪ್ಯಾಕೆಟ್ ಚೈನಾ ಗ್ರಾಸ್ ತಂದು ಮೇಬಲ್ ಕೈಗೆ ಕೊಟ್ಟರು. ಈ ಸಲ ಅದು ನಿಂತಿತು. ನಡುಗಿತು. ಚಾಕು ಇಟ್ಟರೆ ಚೌಕವಾಗಿ ತುಂಡಾಯಿತು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡು, ಗಿಣ್ಣಿನ ದೂರದ ಸಂಬಂಧಿ ಎಂದು ತೀರ್ಪು ಕೊಟ್ಟೆ. ನೆರೆಯವರ ಪಾತ್ರೆಗಳು ತುಂಬಿದವು. ಜೋಸ್ವಿನ್ ಫೋಟೋ ತೆಗೆದು ಹಾಕಿದಳು. ಬ್ಯಾಚುಲರುಗಳು ಬಿರಿಯಾನಿ ಪಾತ್ರೆಯನ್ನು ಮತ್ತೊಮ್ಮೆ ಕಳಿಸಿದರು.

ಹಸನಬ್ಬರದ್ದು ಮಾತ್ರ ಮೇಬಲ್ ಮದುವೆಗೆ ತಾಯಿ ಕೊಟ್ಟಿದ್ದ ಹಿಡಿಕೆ ಹಿಡಿದು ಒಯ್ಯುವ ಸ್ಟೀಲಿನ ತೂಕುಪಾತ್ರೆಯಲ್ಲಿ ಹೋಯಿತು. ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ನಾವಿಬ್ಬರೂ ಅಂಗಡಿಗೆ ಇಳಿದೆವು. ಶೆಲ್ಫುಗಳು ಖಾಲಿಯಾಗಿದ್ದವು. ಹಗ್ಗ ಬಿಗಿದ ಎರಡು ಪೆಟ್ಟಿಗೆ ಮೂಲೆಯಲ್ಲಿದ್ದವು. ಮಸೀದಿಯಿಂದ ಬಾಂಗ್ ಕೇಳಿತು. ಹಸನಬ್ಬ ಖರ್ಜೂರ ತಿಂದು, ನೀರು ಕುಡಿದು, ತೂಕುಪಾತ್ರೆಯ ಮುಚ್ಚಳ ತೆಗೆದರು.

ಒಂದು ತುಂಡು ತಿಂದರು. ಇನ್ನೊಂದು ತುಂಡು ತಿಂದರು. ಡೆನ್ನಿಸ್ ಬೆವರುತ್ತಿದ್ದರು, ಅಂಗಡಿಯ ಎಸಿ ಹದಿನೆಂಟರಲ್ಲಿತ್ತು.

“ಏಲಕ್ಕಿ ಸ್ವಲ್ಪ ಹೆಚ್ಚಾಯ್ತು,” ಎಂದರು ಹಸನಬ್ಬ.

“ಹಸನಬ್ಬಾಕ, ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕುಂಟು. ಆ ದನ...”

“ಹೇಳ್ಬೇಡಿ.”

“ಅಲ್ಲ, ಈ ಗಿಣ್ಣು...”

“ಪೊರ್ಬುಗಳೇ, ನಿನ್ನೆ ಚೈನಾ ಗ್ರಾಸ್ ಎರಡು ಪ್ಯಾಕೆಟ್ ಕೊಂಡೋದದ್ದು ಯಾರ ಅಂಗಡಿಯಿಂದ?”

ಆ ಪ್ಯಾಕೆಟಿಗಾಗಿ ಡೆನ್ನಿಸ್ ಇಡೀ ಸೆಗಯಾದಲ್ಲಿ ಬೇರೆ ಯಾವ ಅಂಗಡಿಗೂ ಹೋಗಬಹುದಿತ್ತು. ಹೋಗುವುದು ಹೊಳೆಯಲೇ ಇಲ್ಲ. ಇಪ್ಪತ್ತು ವರ್ಷದಿಂದ ಬೇಕಾದ್ದಕ್ಕೆಲ್ಲ ಅವರ ಕಾಲು ಇಳಿಯುತ್ತಿದ್ದದ್ದು ಅಲ್ಲಿಗೇ.

ಹಸನಬ್ಬ ಮೂರನೇ ತುಂಡನ್ನು ಕೈಗೆತ್ತಿಕೊಂಡರು. “ಮೂವತ್ನಾಲ್ಕು ವರ್ಷ ನಾನು ಇಲ್ಲಿ ಹಾಲು ಮಾರಿದೆ. ಎಷ್ಟು ಮಾರಿದೆ ಅಂತ ದೇವರಿಗೇ ಗೊತ್ತು. ನನಗೆ ಒಬ್ರು ಒಂದು ಲೋಟ ಹಾಲು ತಂದು ಕೊಟ್ಟದ್ದು ಇವತ್ತೇ,” ಎಂದರು. ಅವರ ಕಣ್ಣು ತುಂಬಿತ್ತು. “ಗಿಣ್ಣಲ್ಲ ಅಂತ ಹೇಳಿ ಹಾಳು ಮಾಡ್ಬೇಡಿ.”

ಹಸನಬ್ಬ ಪಾತ್ರೆ ಖಾಲಿ ಮಾಡಿದರು. ಡೆನ್ನಿಸ್ ಅತ್ತರು, ನಾನೂ ಅತ್ತೆ. ಏಲಕ್ಕಿಯ ಮೇಲೆ ತಪ್ಪು ಹೊರಿಸಿದೆವು.

ಹಸನಬ್ಬರ ವಿಮಾನ ಮರುದಿನ ಬೆಳಗ್ಗೆ. ನಾನು ಏಳುವಾಗ ಅವರು ಹೋಗಿ ಆಗಿತ್ತು. ಬಾಗಿಲು ತೆರೆದರೆ ಎದುರು ಫ್ಲ್ಯಾಟಿನ ಮುಂದೆ ಡೆನ್ನಿಸ್, ಮೇಬಲ್ ಇಬ್ಬರೂ ನಿಂತು ನೆಲ ನೋಡುತ್ತಿದ್ದರು. ನೆಲದ ಮೇಲೆ ಅವರ ತೂಕುಪಾತ್ರೆ, ತೊಳೆದು ಹೊಳೆಯುತ್ತಿತ್ತು. ಅದರೊಳಗೆ ಜತ್ ಹುಲ್ಲು ನಿಂತಿತ್ತು, ಇಲ್ಲಿನ ಜನ ಆಡಿಗೆ, ದನಕ್ಕೆ ಹಾಕುವ ಎಳೆಯ ಹಸಿರು ಮೇವು, ಆಗಷ್ಟೇ ಕೊಯ್ದಂತಿತ್ತು. ಊರಿಗೆ ಹೊರಟ ಮನುಷ್ಯ ಬೆಳಗಾಗುವುದರೊಳಗೆ ಅದನ್ನು ಎಲ್ಲಿಂದ ಹುಡುಕಿ ತಂದರೋ ಈವರೆಗೆ ಯಾರಿಗೂ ಗೊತ್ತಾಗಿಲ್ಲ. ಹಿಡಿಕೆಗೆ ಕಟ್ಟಿದ ಚೀಟಿಯಲ್ಲಿ, ಟೈಪು ಮಾಡದವರ ಸೊಟ್ಟ ಕೈಬರಹದಲ್ಲಿ, ‘ದನಕ್ಕೆ’ ಎಂದಿತ್ತು.

ಡೆನ್ನಿಸ್ ಪಾತ್ರೆಯನ್ನು ಎತ್ತಿಕೊಂಡರು. ಮುಖದಲ್ಲಿ ಆ ಹಳೆಯ ಗಂಟು ಕಾಣಿಸಿತು. ನನಗೆ ಭಯವಾಯಿತು.

“ಐತಾಳ್ರೇ, ನಿಮ್ಮ ಕಾರು ಖಾಲಿ ಉಂಟಾ?”

ಬೆಳಗ್ಗೆ ಒಂಬತ್ತಕ್ಕೆ ನಾವು ಮತ್ತೆ ಅದೇ ಕೌಂಟರಿನ ಮುಂದೆ ಇದ್ದೆವು. ಡೆನ್ನಿಸ್ ಮೊದಲು ಅಧಿಕಾರಿಯ ಬಟ್ಟಲು ಕೊಟ್ಟರು. ಅವರು ಅದನ್ನು ಮೂಸಿ ನೋಡಿ, ಕಣ್ಣು ಮುಚ್ಚಿ, ಸಂಜೆಗೆಂದು ಜೋಪಾನವಾಗಿ ಫ್ರಿಜ್ಜಿನಲ್ಲಿ ಇಟ್ಟು ಬಂದರು. ಆಮೇಲೆ ಡೆನ್ನಿಸ್ ತೂಕುಪಾತ್ರೆಯನ್ನು ಮೇಲಿಟ್ಟರು.

“ಇದು ಐರ್ಲೆಂಡಿಗೆ ಕಳಿಸ್ಲಿಕ್ಕೆ. ನಂಬರ್ 417ಕ್ಕೆ. ಬಾಡುವ ಮೊದಲು.”

ಅಧಿಕಾರಿ ಹುಲ್ಲನ್ನು ನೋಡಿದರು, ಡೆನ್ನಿಸ್ ಅವರನ್ನು ನೋಡಿದರು, ನನ್ನನ್ನೂ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ.

“ಆದರೆ ದನ ನಿನ್ನದಲ್ಲವಲ್ಲ, ಸದೀಕ್.”

“ಗಿಣ್ಣು ಹಂಚಿ ಆಯ್ತು,” ಎಂದರು ಡೆನ್ನಿಸ್. “ಪಾತ್ರೆಯಲ್ಲಿ ಹುಲ್ಲು ವಾಪಸ್ ಬಂದೂ ಆಯ್ತು. ಇನ್ನು ಯಾರದ್ದು?”

ಅಧಿಕಾರಿ ಗಡ್ಡ ನೀವಿಕೊಂಡರು. ಆಮೇಲೆ ಡ್ರಾಯರ್ ಎಳೆದು ಒಂದು ಫಾರ್ಮು ತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು, ಮಾಲೀಕರ ಹೆಸರು ಎಂದಿದ್ದ ಜಾಗಕ್ಕೆ ಬೆರಳಿಟ್ಟರು.

“ಡೆನ್ನಿಸ್,” ಎಂದರು. “ಸ್ಪೆಲಿಂಗಿನಲ್ಲಿ ಒಂದು ಎನ್ನಾ, ಎರಡಾ?”